ಹವೆಯ ಅಳತೆಗಾರ್ತಿ ಅನ್ನಾ ಮಣಿ



ಮೊದಲು ಒಂದು ಬಕೆಟ್ ನೀರಿನ ಕಥೆ. ಧಾರವಾಡ ತಾಲೂಕಿನ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳ ಜೊತೆ ತಾಪಮಾನ ಅಳೆಯುವ ಪಾಠ ನಡೆದಿತ್ತು. ವಿಜ್ಞಾನದ ಪೆಟ್ಟಿಗೆಯಲ್ಲಿ ಮೂರು ಉಷ್ಣತಾಮಾಪಕಗಳಿದ್ದವು. ಮೂರನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಒಟ್ಟಿಗೆ ಇಳಿಬಿಟ್ಟೆವು. ಐದು ನಿಮಿಷ ಕಾದು ನೋಡಿದರೆ ಒಂದು 26 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು, ಇನ್ನೊಂದು 27, ಮತ್ತೊಂದು 27.5. ಇದರಲ್ಲಿ ಖರೆ ಹೇಳುವುದು ಯಾವುದು ಎಂದು ಒಬ್ಬ ಹುಡುಗಿ ಕೇಳಿದಳು. ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾಲ್ಕನೆಯದೊಂದು ನಂಬಿಕಸ್ತ ಉಷ್ಣತಾಮಾಪಕ ಇದ್ದರೆ ಮಾತ್ರ ಆ ಪ್ರಶ್ನೆಗೆ ಉತ್ತರ ಹೇಳಬಹುದಿತ್ತು.

ಮೂರರ ನಡುವೆ ಇದ್ದ ವ್ಯತ್ಯಾಸ ಒಂದೂವರೆ ಡಿಗ್ರಿ. ಜಳಕದ ನೀರಿಗೆ ಅಷ್ಟೆಲ್ಲ ಲೆಕ್ಕ ಬೇಕಾಗಿಲ್ಲ, ನಿಜ. ಆದರೆ ಇನ್ನೊಂದು ಅಂಕಿಯನ್ನು ನೋಡಿ. 1901ರಿಂದ 2018ರವರೆಗಿನ ಅವಧಿಯಲ್ಲಿ ಭಾರತದ ಸರಾಸರಿ ತಾಪಮಾನ ಏರಿರುವುದು ಸುಮಾರು 0.7 ಡಿಗ್ರಿ. ನೂರು ವರ್ಷ ಮೀರಿದ ಕಾಲದಲ್ಲಿ ಒಂದು ಡಿಗ್ರಿಯೂ ಪೂರ್ತಿ ಇಲ್ಲ! ನಮ್ಮ ಬಕೆಟ್ಟಿನಲ್ಲಿದ್ದ ತಪ್ಪು ಅದರ ಎರಡು ಪಟ್ಟು. ದೇಶದ ಹವಾಮಾನ ಕೇಂದ್ರಗಳಲ್ಲೆಲ್ಲ ನಮ್ಮ ಪೆಟ್ಟಿಗೆಯಲ್ಲಿದ್ದಂಥ ಉಷ್ಣತಾಮಾಪಕಗಳೇ ಇದ್ದಿದ್ದರೆ, ಹವೆ ಬಿಸಿಯಾಗುತ್ತಿದೆಯೋ ಅಥವಾ ಉಪಕರಣ ಸುಳ್ಳು ಹೇಳುತ್ತಿದೆಯೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾಗದಂತೆ ನೋಡಿಕೊಂಡವರಲ್ಲಿ ಮುಖ್ಯರಾದವರು ಅನ್ನಾ ಮಣಿ. ಕೇರಳದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನಲ್ಲಿ ವಿಜ್ಞಾನಿಯಾಗಿ ರೂಪುಗೊಂಡು, ಪುಣೆಯಲ್ಲಿ ದೊಡ್ಡ ಕೆಲಸ ಮಾಡಿ, ನಿವೃತ್ತಿಯ ನಂತರ ಮತ್ತೆ ಬೆಂಗಳೂರಿಗೇ ಬಂದ ಈ ವಿಜ್ಞಾನಿಯ ಜೀವನವನ್ನು ಈಗ ನೋಡೋಣ.

ಓಲೆ ಬೇಡ, ಪುಸ್ತಕ ಬೇಕು

ಅನ್ನಾ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡು ಎಂಬ ಬೆಟ್ಟದೂರಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಅವರಿಗೆ ಏಲಕ್ಕಿ ತೋಟಗಳೂ ಇದ್ದವು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವಳು. ಮನೆಯಲ್ಲಿ ಅನುಕೂಲಕ್ಕೆ ಕೊರತೆ ಇರಲಿಲ್ಲ. ಆದರೆ ಗಂಡುಮಕ್ಕಳನ್ನು ದೊಡ್ಡ ಉದ್ಯೋಗಕ್ಕಾಗಿ ಓದಿಸುವುದು, ಹೆಣ್ಣುಮಕ್ಕಳನ್ನು ಬೇಗ ಮದುವೆಗೆ ಸಿದ್ಧಗೊಳಿಸುವುದು ಅಂಥ ಮನೆಗಳಲ್ಲಿ ಆಗ ನಡೆದುಬಂದ ರೂಢಿ.

ಬಾಲಕಿ ಅನ್ನಾಳಿಗೆ ಓದಿನ ಹುಚ್ಚು. ಎಂಟು ವರ್ಷವಾಗುವಷ್ಟರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಮಲಯಾಳಂ ಪುಸ್ತಕಗಳಲ್ಲಿ ಹೆಚ್ಚಿನವನ್ನೆಲ್ಲ ಓದಿ ಮುಗಿಸಿದ್ದಳಂತೆ. ಅವರ ಮನೆತನದಲ್ಲಿ ಹೆಣ್ಣುಮಕ್ಕಳ ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡುವ ಪದ್ಧತಿಯಿತ್ತು. ಅನ್ನಾ ಓಲೆ ಬೇಡವೆಂದಳು. ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಎಂಬ ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದಳು. ವಜ್ರ ಬೇಡವೆಂದ ಈ ಹುಡುಗಿ ಮುಂದೆ ಐದು ವರ್ಷ ವಜ್ರಗಳ ನಡುವೆಯೇ ಕಳೆದಳು. ಆ ವಿಷಯ ಆಮೇಲೆ ಬರುತ್ತದೆ.

1925ರಲ್ಲಿ ಗಾಂಧೀಜಿ ವೈಕಂಗೆ ಬಂದರು. ಅಲ್ಲಿನ ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಎಲ್ಲ ಜಾತಿಯವರೂ ನಡೆದಾಡಲು ಬಿಡಬೇಕೆಂದು ಅಲ್ಲಿ ಸತ್ಯಾಗ್ರಹ ನಡೆದಿತ್ತು. ಆರು ವರ್ಷದ ಅನ್ನಾಳ ಮನಸ್ಸಿನ ಮೇಲೆ ಆ ದಿನಗಳು ಅಚ್ಚೊತ್ತಿದವು. ಮುಂದೆ ಅವರು ಖಾದಿ ತೊಟ್ಟರು, ಕೊನೆಯವರೆಗೂ ಅದನ್ನು ಬಿಡಲಿಲ್ಲ. ನಮ್ಮ ದೇಶಕ್ಕೆ ಬೇಕಾದದ್ದನ್ನು ನಾವೇ ಮಾಡಿಕೊಳ್ಳಬೇಕು ಎಂಬ ಅವರ ಹಟಕ್ಕೆ ಬೀಜ ಬಿದ್ದದ್ದೂ ಆಗಲೇ ಎಂದು ನನಗನ್ನಿಸುತ್ತದೆ.

ವಜ್ರಗಳ ನಡುವೆ ಐದು ವರ್ಷ

ಅನ್ನಾಗೆ ವೈದ್ಯೆಯಾಗುವ ಆಸೆಯಿತ್ತು. ಅದು ಕೈಗೂಡದೆ, ತನಗೆ ಚೆನ್ನಾಗಿ ಬರುತ್ತಿದ್ದ ಭೌತಶಾಸ್ತ್ರವನ್ನೇ ಆರಿಸಿಕೊಂಡು ಮದರಾಸಿನಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಲು ವಿದ್ಯಾರ್ಥಿವೇತನ ದೊರೆಯಿತು. ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು ಇದನ್ನೇ. ಅಲ್ಲಿ ಭೌತಶಾಸ್ತ್ರದ ಗುರುಗಳು ಯಾರು ಗೊತ್ತೇ? ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ. ವಿ. ರಾಮನ್!

ರಾಮನ್ ಆಗ ವಜ್ರಗಳ ಅಧ್ಯಯನದಲ್ಲಿ ಮುಳುಗಿದ್ದರು. ಅವರ ಬಳಿ ಸುಮಾರು 300 ವಜ್ರಗಳ ಸಂಗ್ರಹವಿತ್ತು. ಕೆಲವು ವಜ್ರಗಳ ಮೇಲೆ ಬೆಳಕು ಬಿಟ್ಟರೆ ಅವು ತಾವೇ ನೀಲಿಯಾಗಿಯೋ ಹಸಿರಾಗಿಯೋ ಹೊಳೆಯುತ್ತವೆ. ಈ ಹೊಳಪು ಎಲ್ಲಿಂದ ಬರುತ್ತದೆ, ಅದರಲ್ಲಿ ಯಾವ ಯಾವ ಬಣ್ಣಗಳು ಎಷ್ಟೆಷ್ಟಿವೆ ಎಂದು ಕಂಡುಹಿಡಿಯುವುದು ಅನ್ನಾ ಅವರ ಕೆಲಸ. ವಜ್ರವನ್ನು ದ್ರವರೂಪದ ಗಾಳಿಯಿಂದ ಅತಿಯಾಗಿ ತಣ್ಣಗೆ ಮಾಡಬೇಕು. ಅದರ ಮಂದ ಹೊಳಪು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಮೂಡಲು 15ರಿಂದ 20 ತಾಸು ಬೇಕು. ಅಷ್ಟು ಹೊತ್ತು ಏನೂ ಅಲುಗದಂತೆ ನೋಡಿಕೊಳ್ಳಬೇಕು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆದರು.

ಆಗ ಆ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೇ. ಉಪಕರಣ ಹಿಡಿಯುವಾಗ ಅವರ ಕೈಯಿಂದ ಒಂದು ಸಣ್ಣ ತಪ್ಪಾದರೂ ಸಾಕು, ಹೆಂಗಸರಿಗೆ ಇದು ಆಗದ ಕೆಲಸ ಎಂದು ಆಡಿಕೊಳ್ಳುವ ಕೆಲವರು ಇದ್ದರು. ಗಂಡಸರು ಅದೇ ತಪ್ಪು ಮಾಡಿದರೆ ಅದು ಬರೀ ತಪ್ಪು! ಅನ್ನಾ ಇದಕ್ಕೆ ಮಾತಿನಲ್ಲಿ ಉತ್ತರ ಕೊಡುತ್ತ ಕೂರಲಿಲ್ಲ. 1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯಗಳ ಹೊಳಪಿನ ಬಗ್ಗೆ ಐದು ಸಂಶೋಧನ ಲೇಖನಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿದರು.

1945ರಲ್ಲಿ ಅವರು ಪಿಎಚ್.ಡಿ. ಪದವಿಗಾಗಿ ಪ್ರಬಂಧ ಸಲ್ಲಿಸಿದರು. ಆಗ ವಿಜ್ಞಾನ ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯ. ಅನ್ನಾ ಎಂ.ಎಸ್ಸಿ. ಮಾಡಿಲ್ಲ, ಆದ್ದರಿಂದ ಪಿಎಚ್.ಡಿ. ಕೊಡಲಾಗದು ಎಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿತು. ಐದು ವರ್ಷದ ದುಡಿಮೆ, ಅಚ್ಚಾದ ಐದು ಲೇಖನಗಳು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಪದವಿ ಇಲ್ಲದ್ದರಿಂದ ತನಗೇನೂ ನಷ್ಟವಾಗಲಿಲ್ಲ ಎಂದೇ ಅವರು ಮುಂದೆ ಹೇಳುತ್ತಿದ್ದರು. ಅದು ಅವರ ದೊಡ್ಡತನ. ಓದುವ ನಮಗೆ ಮಾತ್ರ ಈಗಲೂ ಬೇಸರವಾಗುತ್ತದೆ. ಆ ಪ್ರಬಂಧದ ಪ್ರತಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳಂತೆಯೇ ರಟ್ಟು ಕಟ್ಟಿಸಿಕೊಂಡು ಕುಳಿತಿದೆ.

ಪುಣೆಯಲ್ಲಿ 121 ಜನರ ಮುಖ್ಯಸ್ಥೆ

ಅದೇ 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅನ್ನಾ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಅವರಿಗೆ ಇದ್ದದ್ದು ಭೌತಶಾಸ್ತ್ರವನ್ನೇ ಮುಂದುವರಿಸುವ ಆಸೆ. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳನ್ನು ಕುರಿತು ಕಲಿಯುವ ಅವಕಾಶ. ಸಿಕ್ಕಿದ್ದನ್ನೇ ಶ್ರದ್ಧೆಯಿಂದ ಕಲಿತರು. ಉಪಕರಣಗಳನ್ನು ಹೇಗೆ ಮಾಡುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ, ಕೆಟ್ಟರೆ ಹೇಗೆ ತಿದ್ದುತ್ತಾರೆ ಎಂಬುದೆಲ್ಲ ಈಗ ಅವರಿಗೆ ಗೊತ್ತಿತ್ತು. 1948ರಲ್ಲಿ ಹಿಂದಿರುಗಿದಾಗ ಭಾರತ ಸ್ವತಂತ್ರವಾಗಿತ್ತು. ಪುಣೆಯಲ್ಲಿದ್ದ ಭಾರತ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿದರು.

ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಆದರೆ ಸ್ವಾತಂತ್ರ್ಯ ಬರುವವರೆಗೂ ಸಾಮಾನ್ಯ ಉಷ್ಣತಾಮಾಪಕ, ವಾಯುಭಾರಮಾಪಕಗಳೂ ಇಂಗ್ಲೆಂಡಿನಿಂದಲೇ ಬರಬೇಕಿತ್ತು. ಪುಣೆಯಲ್ಲಿ ಎಸ್. ಪಿ. ವೆಂಕಟೇಶ್ವರನ್ ಎಂಬ ವಿಜ್ಞಾನಿ, ಇವುಗಳನ್ನೆಲ್ಲ ಇಲ್ಲಿಯೇ ತಯಾರಿಸಬೇಕೆಂದು ಕಾರ್ಯಾಗಾರ ನಡೆಸುತ್ತಿದ್ದರು. ಅನ್ನಾ ಅವರ ಜೊತೆಗೂಡಿದರು. 1953ರಲ್ಲಿ ಆ ವಿಭಾಗದ ಮುಖ್ಯಸ್ಥೆಯೂ ಆದರು. ಅವರ ಕೈಕೆಳಗೆ 121 ಜನ ಕೆಲಸ ಮಾಡುತ್ತಿದ್ದರು, ಎಲ್ಲರೂ ಗಂಡಸರು.

ಅಲ್ಲಿ ಅವರು ಮಾಡಿದ ಬಹು ದೊಡ್ಡ ಕೆಲಸವೆಂದರೆ, ಸುಮಾರು 100 ಬಗೆಯ ಹವಾಮಾನ ಉಪಕರಣಗಳಿಗೆ ನಿಖರವಾದ ನಕ್ಷೆಗಳನ್ನು ಸಿದ್ಧಪಡಿಸಿ, ಅವುಗಳನ್ನು ದೇಶದಲ್ಲೇ ತಯಾರಿಸುವಂತೆ ಮಾಡಿದ್ದು. ನಕ್ಷೆ ಬರೆಯುವುದು ದೊಡ್ಡ ಕೆಲಸವೇ ಎಂದು ನಿಮಗೆ ಅನ್ನಿಸಬಹುದು. ಸಂತೆಯಲ್ಲಿ ಮಲ್ಲಿಗೆ ಮಾಲೆ ಕೊಳ್ಳುವುದನ್ನು ನೆನೆಸಿಕೊಳ್ಳಿ. ಹೂವಾಡಗಿತ್ತಿ ಮೊಳದಿಂದ ಅಳೆದು ಕೊಡುತ್ತಾಳೆ. ಅವಳ ಕೈ ಗಿಡ್ಡವಾಗಿದ್ದರೆ ಮಾಲೆಯೂ ಗಿಡ್ಡ. ಪಕ್ಕದವಳ ಕೈ ಉದ್ದವಿದ್ದರೆ ಅದೇ ಎರಡು ಮೊಳ ಇನ್ನೂ ಉದ್ದ. ಹೂವಿಗೆ ಇದು ನಡೆಯುತ್ತದೆ. ಆದರೆ ಗದುಗಿನ ಮಳೆಮಾಪಕದ ಬಾಯಿ ಒಂದು ಅಳತೆ, ಬೆಳಗಾವಿಯದು ಇನ್ನೊಂದು ಅಳತೆ ಇದ್ದು, ಅದು ಲೆಕ್ಕದಲ್ಲಿ ಸೇರದೇ ಹೋದರೆ ಎಲ್ಲಿ ಹೆಚ್ಚು ಮಳೆಯಾಯಿತೆಂದು ಹೇಳುವುದು ಹೇಗೆ? ಒಂದೇ ನಕ್ಷೆಯಂತೆ ಮಾಡಿದ ಉಪಕರಣಗಳಿದ್ದರೆ ಊರಿನಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದು.

ನಕ್ಷೆಯಂತೆ ಮಾಡಿದರೂ ಮುಗಿಯಲಿಲ್ಲ. ಕಿರಾಣಿ ಅಂಗಡಿಯ ತೂಕದ ಬಟ್ಟುಗಳನ್ನು ಸರ್ಕಾರದವರು ಪರೀಕ್ಷಿಸಿ ಮುದ್ರೆ ಒತ್ತುವುದನ್ನು ಕೇಳಿದ್ದೀರಲ್ಲವೇ? ಹಾಗೆಯೇ ಪ್ರತಿಯೊಂದು ಉಷ್ಣತಾಮಾಪಕವನ್ನೂ ಒಂದು ನಂಬಿಕಸ್ತ ಮಾದರಿಯ ಪಕ್ಕದಲ್ಲಿಟ್ಟು, ಅದು ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆಂದು ಬರೆದಿಡಬೇಕು. ನಮ್ಮ ಬಕೆಟ್ಟಿನ ಪ್ರಯೋಗದಲ್ಲಿ ಇಲ್ಲದೇ ಹೋದದ್ದು ಈ ಮಾದರಿಯೇ. ಈ ವಿಷಯದಲ್ಲಿ ಅನ್ನಾ ಬಹಳ ಕಟ್ಟುನಿಟ್ಟು. ತಪ್ಪು ಅಳತೆ ಇರುವುದಕ್ಕಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವಾಗಿತ್ತು. ಅಳತೆ ಇಲ್ಲದಿದ್ದರೆ ನಮಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ತಪ್ಪು ಅಳತೆ ಇದ್ದರೆ ಗೊತ್ತಿದೆ ಎಂದುಕೊಂಡು ಮೋಸ ಹೋಗುತ್ತೇವೆ.

ನೀವು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ಹವಾಮಾನ ವೀಕ್ಷಣಾಲಯವನ್ನು ತೋರಿಸಲು ನಿಮ್ಮ ಶಿಕ್ಷಕರನ್ನು ಕೇಳಿ. ಇಂಥ ವೀಕ್ಷಣಾಲಯಗಳಲ್ಲಿ ಕಾಲುಗಳ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ ಇರುತ್ತದೆ. ಹೆಸರು ಸ್ಟೀವನ್‌ಸನ್ ಪೆಟ್ಟಿಗೆ. ನಾಲ್ಕೂ ಬದಿಗೆ ಕಿಟಕಿಯ ಪಟ್ಟಿಗಳಂತೆ ಓರೆಯಾದ ಹಲಗೆಗಳಿದ್ದು, ಗಾಳಿ ಒಳಗೆ ಆಡುತ್ತದೆ, ಬಿಸಿಲು ಮಾತ್ರ ಬೀಳುವುದಿಲ್ಲ. ಉಷ್ಣತಾಮಾಪಕಗಳು ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತವೆ. ಬಾಗಿಲು ಉತ್ತರಕ್ಕೆ. ಏಕೆ ಉತ್ತರಕ್ಕೆ? ವರ್ಷದ ಹೆಚ್ಚಿನ ದಿನ ಸೂರ್ಯ ನಮಗೆ ದಕ್ಷಿಣದ ಕಡೆ ವಾಲಿರುವುದರಿಂದ, ಬಾಗಿಲು ತೆರೆದಾಗ ಬಿಸಿಲು ಒಳಗೆ ನುಗ್ಗಬಾರದು ಎಂದು.

ಪೆಟ್ಟಿಗೆಯೊಳಗೆ ನಾಲ್ಕು ಉಷ್ಣತಾಮಾಪಕಗಳು. ಒಂದು ದಿನದ ಗರಿಷ್ಠ ತಾಪವನ್ನು ಹಿಡಿದಿಡುತ್ತದೆ. ಅದರ ಕೊಳವೆಯಲ್ಲಿ ಒಂದು ಕಡೆ ಬಹಳ ಕಿರಿದಾದ ಕತ್ತು ಇರುವುದರಿಂದ, ಮೇಲೇರಿದ ಪಾದರಸ ತಾನಾಗಿ ಕೆಳಗಿಳಿಯುವುದಿಲ್ಲ. ಡಾಕ್ಟರರ ಹಳೆಯ ಥರ್ಮಾಮೀಟರಿನಲ್ಲೂ ಇದೇ ಉಪಾಯ. ಇನ್ನೊಂದರಲ್ಲಿ ಪಾದರಸದ ಬದಲು ಮದ್ಯಸಾರವಿದ್ದು, ಅದರೊಳಗಿನ ಪುಟ್ಟ ಕಡ್ಡಿ ದಿನದ ಕನಿಷ್ಠ ತಾಪದ ಬಳಿ ನಿಂತುಬಿಡುತ್ತದೆ. ಮೂರನೆಯದು ಆ ಹೊತ್ತಿನ ತಾಪ ತೋರಿಸುತ್ತದೆ. ನಾಲ್ಕನೆಯದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಒದ್ದೆ ಬಟ್ಟೆ ಆರುವಾಗ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೇಗ ಆರುವುದಿಲ್ಲ, ತಂಪೂ ಆಗುವುದಿಲ್ಲ. ಹೀಗೆ ಮೂರನೆಯ ಮತ್ತು ನಾಲ್ಕನೆಯ ಉಷ್ಣತಾಮಾಪಕಗಳ ವ್ಯತ್ಯಾಸದಿಂದ ಗಾಳಿಯ ಆರ್ದ್ರತೆ ತಿಳಿಯುತ್ತದೆ. ಈ ಒದ್ದೆ ಬಟ್ಟೆಯನ್ನು ಮರೆಯಬೇಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಬಿಸಿಲಿನ ಲೆಕ್ಕ, ಗಾಳಿಯ ಲೆಕ್ಕ

1957-58ರಲ್ಲಿ ಜಗತ್ತಿನ ಅನೇಕ ದೇಶಗಳ ವಿಜ್ಞಾನಿಗಳು ಒಟ್ಟಾಗಿ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದರು. ಆಚರಣೆ ಎಂದರೆ ಭಾಷಣ, ಹಾರ, ತುರಾಯಿ ಅಲ್ಲ. ಭೂಮಿ, ಸಾಗರ, ವಾತಾವರಣಗಳನ್ನು ಎಲ್ಲರೂ ಏಕಕಾಲಕ್ಕೆ ಅಳೆಯುವುದು. ಆಗ ಅನ್ನಾ ಮಣಿ ಭಾರತದ ಹಲವೆಡೆ ಬಿಸಿಲಿನ ಶಕ್ತಿಯನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು. ಬಿಸಿಲಿಗೆ ಬಡತನವಿಲ್ಲದ ನಮ್ಮ ದೇಶದಲ್ಲಿ, ಯಾವ ಊರಿಗೆ ಎಷ್ಟು ಬಿಸಿಲು ಬೀಳುತ್ತದೆ ಎಂಬ ಲೆಕ್ಕ ಮಾತ್ರ ಅಲ್ಲಿಯವರೆಗೆ ಸರಿಯಾಗಿ ಇರಲಿಲ್ಲ. ಮೊದಲು ಹೊರದೇಶದ ಉಪಕರಣಗಳನ್ನು ಬಳಸಿದರೂ, ಅವನ್ನೂ ಬೇಗನೆ ಇಲ್ಲಿಯೇ ಮಾಡಿಸಿದರು. ಗಾಜಿನ ಗುಮ್ಮಟದ ಕೆಳಗೆ ಒಂದು ಕಪ್ಪು ಫಲಕ. ಬಿಸಿಲು ಬಿದ್ದಾಗ ಅದು ಕಾಯುತ್ತದೆ, ಆ ಕಾವಿನಿಂದ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಎಷ್ಟೆಂದು ನೋಡಿದರೆ ಬಿಸಿಲು ಎಷ್ಟೆಂದು ತಿಳಿಯುತ್ತದೆ.

ಅದೇ ಭೂಭೌತ ವರ್ಷದ ಸಮಯದಲ್ಲಿ, 1958ರಲ್ಲಿ, ಅಮೆರಿಕದ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. ಆಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗ ಇತ್ತು. 2024ರಲ್ಲಿ 420 ದಾಟಿತ್ತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಸುಟ್ಟಾಗ ಈ ಅನಿಲ ಗಾಳಿ ಸೇರುತ್ತದೆ. ಸೂರ್ಯನ ಬೆಳಕನ್ನು ಇದು ತಡೆಯುವುದಿಲ್ಲ. ಆದರೆ ಕಾದ ನೆಲ ಮೇಲಕ್ಕೆ ಬಿಡುವ ಶಾಖದಲ್ಲಿ ಒಂದು ಪಾಲನ್ನು ಹೀರಿ ಮತ್ತೆ ಕೆಳಕ್ಕೆ ಕಳುಹಿಸುತ್ತದೆ. ಹೊದ್ದ ಕೌದಿಯ ಮೇಲೆ ಇನ್ನೊಂದು ಕೌದಿ ಹೊದ್ದ ಹಾಗೆ! ಒಬ್ಬರು ಹವಾಯಿಯಲ್ಲಿ ಕೌದಿಯ ದಪ್ಪ ಅಳೆಯುತ್ತಿದ್ದಾಗ, ಇನ್ನೊಬ್ಬರು ಭಾರತದಲ್ಲಿ ಬರುವ ಬಿಸಿಲನ್ನು ಅಳೆಯುತ್ತಿದ್ದರು.

1960ರ ದಶಕದಲ್ಲಿ ಅನ್ನಾ ಅವರ ಗಮನ ಓಝೋನ್ ಕಡೆ ಹರಿಯಿತು. ಎತ್ತರದಲ್ಲಿರುವ ಓಝೋನ್ ಪದರ ಸೂರ್ಯನ ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುತ್ತದೆಂದು ನೀವು ಓದಿದ್ದೀರಿ. ಬಲೂನಿಗೆ ಕಟ್ಟಿ ಮೇಲಕ್ಕೆ ಬಿಟ್ಟು ಓಝೋನನ್ನು ಅಳೆಯುವ ಉಪಕರಣವನ್ನು ಅವರು ಮತ್ತು ಸಂಗಡಿಗರು ಭಾರತದಲ್ಲೇ ತಯಾರಿಸಿದರು. ಅಂಥ ಸ್ವಂತ ಉಪಕರಣವಿದ್ದ ದೇಶಗಳು ಆಗ ಕೆಲವೇ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ಪದರ ತೆಳುವಾಗಿದೆ ಎಂದು 1985ರಲ್ಲಿ ಜಗತ್ತಿಗೆ ತಿಳಿದು ಗದ್ದಲವಾಯಿತು. ಭಾರತದಲ್ಲಿ ಅದರ ಅಳತೆ ಅದಕ್ಕಿಂತ ಎಷ್ಟೋ ಮೊದಲೇ ನಡೆದಿತ್ತು.

1963ರಲ್ಲಿ ಕೇರಳದ ತುಂಬಾದಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿತು. ರಾಕೆಟ್ ಹಾರಿಸಲು ಗಾಳಿ ಎಷ್ಟು, ಯಾವ ಕಡೆ ಎಂದು ತಿಳಿದಿರಬೇಕು. ವಿಕ್ರಂ ಸಾರಾಭಾಯಿ ಕೇಳಿಕೊಂಡಿದ್ದರಿಂದ ಅಲ್ಲಿ ಹವಾಮಾನ ವೀಕ್ಷಣಾಲಯ ಮತ್ತು ಉಪಕರಣಗಳ ಗೋಪುರವನ್ನು ನಿಲ್ಲಿಸಿಕೊಟ್ಟವರೂ ಅನ್ನಾ ಮಣಿಯೇ. 1969ರಲ್ಲಿ ದಿಲ್ಲಿಗೆ ವರ್ಗವಾಯಿತು. ಇಲಾಖೆಯ ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು.

ನಿವೃತ್ತರಾಗಿ ಅವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕಿಯಾಗಿದ್ದರು. ತಮ್ಮ ಪದವಿ ಸಿಗದ ಪ್ರಬಂಧ ಇದ್ದ ಸಂಸ್ಥೆಗೇ ಪ್ರಾಧ್ಯಾಪಕಿಯಾಗಿ ಬಂದದ್ದನ್ನು ಗಮನಿಸಿ! ಭಾರತದ ಬಿಸಿಲಿನ ಅಂಕಿಅಂಶಗಳನ್ನೆಲ್ಲ ಒಟ್ಟುಗೂಡಿಸಿ 1980 ಮತ್ತು 1981ರಲ್ಲಿ ಎರಡು ದಪ್ಪ ಪುಸ್ತಕಗಳನ್ನು ಹೊರತಂದರು. ಕಥೆಯಲ್ಲ, ಚಿತ್ರವಿಲ್ಲ, ಪುಟಗಟ್ಟಲೆ ಅಂಕಿಗಳು. ಆದರೆ ಸೌರಶಕ್ತಿಯ ಕೆಲಸ ಮಾಡುವವರಿಗೆ ಅವು ಬೇಕೇ ಬೇಕಾದ ಪುಸ್ತಕಗಳಾದವು.

ಆಮೇಲೆ ಗಾಳಿಯ ಸರದಿ. ದೇಶದ 700ಕ್ಕೂ ಹೆಚ್ಚು ಸ್ಥಳಗಳಲ್ಲಿ ಗಾಳಿಯ ವೇಗ ಅಳೆಯುವ ದೊಡ್ಡ ಸಮೀಕ್ಷೆಯನ್ನು ಅವರು ಮುನ್ನಡೆಸಿದರು. ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನೂ ಬೆಂಗಳೂರಿನಲ್ಲಿ ನಡೆಸಿದರು. ನೀವು ಹುಬ್ಬಳ್ಳಿಯಿಂದ ಗದಗ, ಮುಂಡರಗಿ ಕಡೆ ಹೋಗುವಾಗ ಕಪ್ಪತಗುಡ್ಡದ ಸಾಲಿನ ಮೇಲೆ ದೊಡ್ಡ ಗಾಳಿಯಂತ್ರಗಳು ತಿರುಗುವುದನ್ನು ನೋಡಿರುತ್ತೀರಿ. ಅಂಥ ಯಂತ್ರವನ್ನು ಕಂಡಕಂಡಲ್ಲಿ ನೆಡಲು ಬರುವುದಿಲ್ಲ. ವರ್ಷವಿಡೀ ಗಾಳಿ ಹೇಗೆ ಬೀಸುತ್ತದೆಂದು ಮೊದಲು ಅಳೆಯಬೇಕು. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಅನ್ನಾ ಒಬ್ಬರು. ಕಲ್ಲಿದ್ದಲಿಲ್ಲದೆ ವಿದ್ಯುತ್ ಮಾಡುವ ಮಾತು ಇಂದು ಎಲ್ಲರ ಬಾಯಲ್ಲಿದೆ. ಅವರು ಅದಕ್ಕೆ ಬೇಕಾದ ಅಂಕಿಗಳನ್ನು 1980ರ ದಶಕದಲ್ಲೇ ಜೋಡಿಸಿಟ್ಟಿದ್ದರು.

ಅವರು ಮದುವೆಯಾಗಲಿಲ್ಲ. ಬೆಟ್ಟ ಹತ್ತುವುದು, ಹಕ್ಕಿಗಳನ್ನು ನೋಡುವುದು, ಸಂಗೀತ ಕೇಳುವುದು ಅವರಿಗೆ ಇಷ್ಟ. 1994ರಲ್ಲಿ ಪಾರ್ಶ್ವವಾಯು ಬಡಿದು ನಡೆದಾಡುವುದು ಕಷ್ಟವಾಯಿತು. 2001ರ ಆಗಸ್ಟ್ 16ರಂದು, ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ, ತಿರುವನಂತಪುರದಲ್ಲಿ ತೀರಿಕೊಂಡರು.

ಆ ಅಂಕಿಗಳು ಏನು ಹೇಳುತ್ತವೆ?

ಧಾರವಾಡದಲ್ಲಿ ಮೊದಲು ಯಾರ ಮನೆಯಲ್ಲೂ ಫ್ಯಾನ್ ಇರಲಿಲ್ಲ, ಬೇಸಿಗೆಯಲ್ಲೂ ರಾತ್ರಿ ಚಾದರ ಬೇಕಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ನಿಮ್ಮ ಅಜ್ಜ ಅಜ್ಜಿಯರೂ ಹೇಳಿರಬಹುದು. ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ನೆನಪು ಮಾತ್ರ ಸಾಕ್ಷಿಯಾಗದು. ಒಂದು ಬಿರುಬೇಸಿಗೆ ನೆನಪಿನಲ್ಲಿ ಉಳಿಯುತ್ತದೆ, ಹತ್ತು ಸಾಧಾರಣ ಬೇಸಿಗೆಗಳು ಮರೆತುಹೋಗುತ್ತವೆ. ಹಾಗಾಗಿ ಬರೆದಿಟ್ಟ ಅಂಕಿಗಳು ಬೇಕು.

ಹವಾಮಾನ ಇಲಾಖೆಯ ಅಂಕಿಗಳ ಪ್ರಕಾರ, 1901ರಿಂದ ಲೆಕ್ಕ ಹಿಡಿದರೆ 2024 ಭಾರತದ ಅತಿ ಬಿಸಿಯ ವರ್ಷ. 1991ರಿಂದ 2020ರವರೆಗಿನ ಸರಾಸರಿಗಿಂತ ಅದು 0.65 ಡಿಗ್ರಿ ಹೆಚ್ಚಿತ್ತು. ಜಗತ್ತಿನ ಸರಾಸರಿಯಂತೂ ಆ ವರ್ಷ 1850-1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು. ಬೆಂಗಳೂರಿನಲ್ಲಿ ಏಪ್ರಿಲ್ 2016ರಲ್ಲಿ 39.2 ಡಿಗ್ರಿ ದಾಖಲಾಯಿತು.

ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹತ್ತು ಹನ್ನೆರಡು ಡಿಗ್ರಿ ಏರುತ್ತದೆ, ಅರ್ಧ ಮುಕ್ಕಾಲು ಡಿಗ್ರಿಗೆ ಇಷ್ಟು ಗಾಬರಿ ಏಕೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಸರಾಸರಿ ಅರ್ಧ ಡಿಗ್ರಿ ಏರಿದರೆ ಪ್ರತಿದಿನವೂ ಅರ್ಧ ಡಿಗ್ರಿ ಮಾತ್ರ ಹೆಚ್ಚು ಎಂದಲ್ಲ. ಅತಿ ಬಿಸಿಯ ದಿನಗಳು ಮೊದಲಿಗಿಂತ ಹೆಚ್ಚು ಸಲ ಬರುತ್ತವೆ. ಮಾರ್ಚ್ 2022 ಅಂಥದ್ದು. ದೇಶದ ದಾಖಲೆಯಲ್ಲೇ ಅತಿ ಬಿಸಿ ಹಗಲಿನ ಮಾರ್ಚ್ ಅದು. ಉತ್ತರ ಭಾರತದಲ್ಲಿ ಗೋಧಿ ಕಾಳು ಕಟ್ಟುವ ಹೊತ್ತಿಗೆ ಬಿಸಿ ಬಡಿದು ಇಳುವರಿ ಕಡಿಮೆಯಾಯಿತು. ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ಕಡಲೆ, ಬಿಳಿಜೋಳ, ಗೋಧಿಗಳೂ ಚಳಿಗಾಲದ ತಂಪನ್ನೇ ನಂಬಿದ ಹಿಂಗಾರಿ ಬೆಳೆಗಳು ಎಂಬುದನ್ನು ರೈತರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಒಂದು ವರ್ಷದ ಬರಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದು ಹೇಳಿಬಿಡಬಾರದು. ಹಲವು ದಶಕಗಳ ಅಂಕಿ ನೋಡಿಯೇ ಆ ಮಾತು ಆಡಬೇಕು.

ಈಗ ಒದ್ದೆ ಬಟ್ಟೆಯ ಉಷ್ಣತಾಮಾಪಕಕ್ಕೆ ಬರೋಣ. ಏಪ್ರಿಲ್ 2024ರ ಕೊನೆಯಲ್ಲಿ ಆಗ್ನೇಯ ಏಷ್ಯಾದ ಫಿಲಿಪ್ಪೀನ್ಸ್ ದೇಶದಲ್ಲಿ, ಸೆಕೆ ತಾಳಲಾರದೆ ಸರ್ಕಾರಿ ಶಾಲೆಗಳ ಮಕ್ಕಳಿಗೆ ಎರಡು ದಿನ ಮನೆಯಲ್ಲೇ ಕುಳಿತು ಓದಲು ಹೇಳಿದರು. ಅಲ್ಲಿನ ತಾಪಮಾನ ನಮ್ಮ ಕಲಬುರಗಿ, ರಾಯಚೂರುಗಳಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಅದು ಸುತ್ತಲೂ ಸಮುದ್ರವಿರುವ ದ್ವೀಪಗಳ ದೇಶ. ಗಾಳಿಯಲ್ಲಿ ತೇವ ತುಂಬಿರುತ್ತದೆ. ಒದ್ದೆ ಬಟ್ಟೆ ಆರುವುದಿಲ್ಲ, ಮೈಬೆವರೂ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವ ದಾರಿಯೇ ಇಲ್ಲ. ಬೇಸಿಗೆಯಲ್ಲಿ ಧಾರವಾಡದಿಂದ ಕಾರವಾರಕ್ಕೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಬರೀ ತಾಪಮಾನ ನೋಡಿದರೆ ಸಾಲದು, ಆರ್ದ್ರತೆಯನ್ನೂ ಸರಿಯಾಗಿ ಅಳೆಯಬೇಕು ಎಂಬುದು ಇದಕ್ಕೇ.

ಅಂಕಿ ಓದುವಾಗ ಇನ್ನೊಂದು ಎಚ್ಚರ ಬೇಕು. ಊರು ಬೆಳೆದು, ಮರ ಕಡಿದು, ಡಾಂಬರು ಮತ್ತು ಸಿಮೆಂಟು ಹೆಚ್ಚಿದರೂ ಆ ಊರಿನ ಹವೆ ಕಾಯುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಬಿಸಿಯೂ ಧಾರವಾಡದ ಮರಗಳ ಕೆಳಗಿನ ಬಿಸಿಯೂ ಒಂದೇ ಅಲ್ಲ. ಆದ್ದರಿಂದ ವಿಜ್ಞಾನಿಗಳು ಒಂದೇ ಕೇಂದ್ರವನ್ನು ನಂಬದೆ, ಊರುಗಳ ಜೊತೆಗೆ ಹಳ್ಳಿ, ಕಾಡು, ಸಮುದ್ರಗಳ ಅಂಕಿಗಳನ್ನೂ ಹೋಲಿಸಿ ನೋಡುತ್ತಾರೆ. ಹಾಗೆ ನೋಡಿದ ಮೇಲೂ ಏರಿಕೆ ಕಾಣುತ್ತಿದೆ.

ನೀವೂ ಅಳೆಯಿರಿ

ನಿಮ್ಮ ಶಾಲೆಯಲ್ಲಿ ಒಂದು ಉಷ್ಣತಾಮಾಪಕ ಇದ್ದರೆ ಸಾಕು. ಬಿಸಿಲು ಬೀಳದ, ಗಾಳಿ ಆಡುವ ಕಡೆ, ಗೋಡೆಗೆ ತಾಗದಂತೆ ತೂಗುಹಾಕಿ. ಬಿಸಿಯೂಟದ ಅಡುಗೆ ಕೋಣೆಯಿಂದ ದೂರವಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡುವುದು ಹವಾಮಾನ ಇಲಾಖೆಯ ಪದ್ಧತಿ. ನಿಮಗೆ ಆ ವೇಳೆ ಆಗದಿದ್ದರೆ ಪ್ರಾರ್ಥನೆಯ ವೇಳೆಯನ್ನೋ ಊಟದ ಬಿಡುವನ್ನೋ ಆರಿಸಿಕೊಳ್ಳಿ, ಆದರೆ ಆಮೇಲೆ ವೇಳೆ ಬದಲಿಸಬೇಡಿ. ಕಣ್ಣನ್ನು ಪಾದರಸದ ಅಥವಾ ಕೆಂಪು ದ್ರವದ ತುದಿಯ ಮಟ್ಟಕ್ಕೇ ತಂದು ಓದಿ. ಮಾಪಕದ ಬುರುಡೆಯ ಹತ್ತಿರ ಉಸಿರು ಬಿಡಬೇಡಿ. ದಿನಾಂಕ, ವೇಳೆ, ತಾಪಮಾನ, ಮೋಡ ಇತ್ತೋ ಇಲ್ಲವೋ, ಓದಿದವರ ಹೆಸರು, ಇಷ್ಟನ್ನು ಒಂದು ರಟ್ಟಿನ ನೋಟುಬುಕ್ಕಿನಲ್ಲಿ ಬರೆಯಿರಿ. ಮರೆತ ದಿನದ ಜಾಗವನ್ನು ಖಾಲಿ ಬಿಡಿ, ಅಂದಾಜು ಬರೆಯಬೇಡಿ. ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುವಾಗ ಆ ಪುಸ್ತಕವನ್ನು ಆರನೆಯ ತರಗತಿಯವರ ಕೈಗೆ ಕೊಟ್ಟು ಹೋಗಿ.

ಭಾನುವಾರ ಬಂದು ನೋಡುವವರು ಯಾರು ಎಂಬುದನ್ನು ಶನಿವಾರವೇ ಗೊತ್ತುಮಾಡಿಕೊಂಡಿರಿ.